ಬಂಡೆ ಯಾವಾಗ ಆರಿತು ಎಂದು ಕೇಳುತ್ತಿದ್ದವರು

ಹೋದ ತಿಂಗಳು ನಮ್ಮ ಕಾಲೇಜಿನಲ್ಲಿ ಅವರ ಶ್ರದ್ಧಾಂಜಲಿ ಸಭೆ ನಡೆಯಿತು. ಪ್ರಿನ್ಸಿಪಾಲರು ಮೈಕಿನ ಮುಂದೆ ನಿಂತು, ಅಗಲಿದ ಹಿರಿಯರು ಶಿಲಾಶಾಸನ ಓದುವುದರಲ್ಲಿ ಎತ್ತಿದ ಕೈ ಎಂದರು. ಆಮೇಲೆ ಮಾತಾಡಿದ ಊರಿನ ಮುಖಂಡರೊಬ್ಬರು, ಕೋಟೆ ತಾಲ್ಲೂಕಿನ ಕಾಡಂಚಿನಲ್ಲಿ ಮೇಷ್ಟ್ರು ಚಿನ್ನದ ನಿಕ್ಷೇಪ ಕಂಡುಹಿಡಿದಿದ್ದರು, ದೊಡ್ಡವರು ಸೇರಿ ಅದನ್ನು ಮುಚ್ಚಿಹಾಕಿದರು ಎಂದು ಗುಟ್ಟು ಬಿಚ್ಚಿದರು. ಮೂರನೆಯವರು ಅವರ ಕೈಬರಹವನ್ನು ಹೊಗಳಿದರು. ಮೂರರಲ್ಲಿ ಒಂದೂ ನಿಜವಲ್ಲ. ಕೈಬರಹದ ವಿಷಯ ಹೇಳಲೇಬೇಕೆಂದರೆ, ತಾವೇ ಬರೆದ ಚೀಟಿಯನ್ನು ಓದಲಾಗದೆ ಅವರು ಅದನ್ನು ನನ್ನ ಬಳಿಗೆ ತರುತ್ತಿದ್ದರು.

ನನಗೂ ಎರಡು ಮಾತು ಆಡಲು ಹೇಳಿದರು. "ಅವರು ಭೂವಿಜ್ಞಾನದ ಮೇಷ್ಟ್ರಾಗಿದ್ದರು, ಬಂಡೆಗಳ ಬಗ್ಗೆ ಕೆಲಸ ಮಾಡಿದರು" ಎಂದಷ್ಟೇ ಹೇಳಿ ಕುಳಿತೆ. ಸಭೆಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು. ಉಳಿದದ್ದನ್ನು ಹೇಳಿದ್ದರೆ ಇನ್ನೂ ನಿರಾಸೆಯಾಗುತ್ತಿತ್ತು, ಅದೂ ನನ್ನ ಬಗ್ಗೆ.

ಹುಣಸೂರಿನ ಕಡೆಯ ಈ ಕಾಲೇಜಿಗೆ ನಾನು ಬಂದದ್ದು ಅತಿಥಿ ಉಪನ್ಯಾಸಕಿಯಾಗಿ. ಅತಿಥಿ ಎಂದರೆ ಎಲ್ಲರಿಗಿಂತ ಹೆಚ್ಚು ಪಾಠ ಮಾಡಿ, ಎಲ್ಲರಿಗಿಂತ ಕೊನೆಯಲ್ಲಿ ಕುರ್ಚಿ ಸಿಗುವವರು. ಭೂವಿಜ್ಞಾನ ವಿಭಾಗ ಎಂಬ ಬೋರ್ಡಿನ ಹಿಂದೆ ಒಂದು ಕೋಣೆ, ಎರಡು ಬೀರು, ಒಂದು ಸೂಕ್ಷ್ಮದರ್ಶಕ, ಮತ್ತು ಅವರು. ಗಿಡ್ಡ ಆಳು, ಖಾಕಿ ಬಣ್ಣದ ಪ್ಯಾಂಟು, ಅಂಗಿಯ ಜೇಬಿನಲ್ಲಿ ದಾರ ಕಟ್ಟಿದ ಪುಟ್ಟ ಭೂತಗನ್ನಡಿ. ಆ ಕನ್ನಡಿಯಿಂದ ಅವರು ನೋಡದ ವಸ್ತುವಿರಲಿಲ್ಲ. ಕ್ಯಾಂಟೀನಿನ ಉಪ್ಪಿಟ್ಟಿನಲ್ಲಿ ಸಿಕ್ಕ ಕಲ್ಲನ್ನು ನೋಡಿ, "ಇದು ಕಾವೇರಿ ಮರಳಲ್ಲ, ಬೇರೆ ಕಡೆಯಿಂದ ತರಿಸಿದ್ದೀರಿ" ಎಂದು ಅಡುಗೆಯವನಿಗೆ ಹೇಳಿದ್ದರು. ಒಮ್ಮೆ ಆಗಿನ ಪ್ರಿನ್ಸಿಪಾಲರು ಹೊಸ ಉಂಗುರದ ನೀಲಮಣಿಯನ್ನು ಎಲ್ಲರಿಗೂ ತೋರಿಸುತ್ತಿದ್ದಾಗ ಇವರು ಕನ್ನಡಿ ಹಿಡಿದು ನೋಡಿ, "ಗಾಜು ಸಾರ್, ಆದರೆ ಒಳ್ಳೆ ಗಾಜು" ಎಂದರು. ಅದಾದ ಮೇಲೆ ನಮ್ಮ ವಿಭಾಗಕ್ಕೆ ಎರಡು ವರ್ಷ ಫ್ಯಾನ್ ರಿಪೇರಿಯಾಗಲಿಲ್ಲ.

ಅವರದು ಮಿರ್ಲೆ. ನನ್ನದು ಕೆ.ಆರ್. ನಗರ. ಅವರು ಕುಳಿತುಬಂದ ಬಸ್ಸಿಗೆ ನಾನು ಹತ್ತುತ್ತಿದ್ದೆ. ಕಲ್ಲಿನ ಚೀಲ ಅವರ ಕಾಲ ಬಳಿ ಇದ್ದೇ ಇರುತ್ತಿತ್ತು. ಹೊಸ ಕಂಡಕ್ಟರುಗಳು ಏನದು ಎಂದು ಕೇಳುತ್ತಿದ್ದರು. ಹಳಬರು ಅನುಕಂಪದಿಂದ ಸುಮ್ಮನಿರುತ್ತಿದ್ದರು. ನನ್ನನ್ನು ವಿದ್ಯಾರ್ಥಿಗಳ ಮುಂದೆ "ಮೇಡಂ" ಎನ್ನುತ್ತಿದ್ದವರು ಬಸ್ಸಿನಲ್ಲಿ "ನೋಡಮ್ಮ, ನೀನು" ಎನ್ನುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ಅವರ ಬಾಯಲ್ಲಿ "ನೀವು" ಬರುತ್ತಿತ್ತು. ಅವರು ಒಬ್ಬರಿಗೆ ಬಹಳ ಮರ್ಯಾದೆ ಕೊಡುತ್ತಿದ್ದಾರೆ ಎಂದರೆ ಆ ಮನುಷ್ಯ ದೂರ ನಿಲ್ಲುವುದು ಕ್ಷೇಮ ಎಂದು ಇಡೀ ಕಾಲೇಜಿಗೆ ಗೊತ್ತಿತ್ತು.

ಅವರ ತಲೆ ತಿನ್ನುತ್ತಿದ್ದ ಪ್ರಶ್ನೆ ಒಂದೇ. ನಮ್ಮ ಕೋಟೆ, ಪಿರಿಯಾಪಟ್ಟಣದ ಕಡೆಯ ಬಂಡೆಗಳು ಒಂದು ಕಾಲದಲ್ಲಿ ನೆಲದ ಆಳಕ್ಕೆ ಹೋಗಿ, ಕಾದು, ಅದುಮಿಸಿಕೊಂಡು, ರೂಪ ಬದಲಿಸಿಕೊಂಡು ಮೇಲೆ ಬಂದವು. ಅದು ಕೋಟಿ ವರ್ಷಗಳಲ್ಲಿ ಎಣಿಸುವಷ್ಟು ಹಿಂದಿನ ಮಾತು. ಅವು ಬೇಗ ಆರಿದವೋ ನಿಧಾನವಾಗಿ ಆರಿದವೋ? ಬೇಗ ಆರಿದ್ದರೆ ಆ ನೆಲ ಸರ್ರನೆ ಮೇಲೆದ್ದಿದೆ ಎಂದರ್ಥ. ನಿಧಾನವಾಗಿ ಆರಿದ್ದರೆ ಬಹುಕಾಲ ಆಳದಲ್ಲೇ ಬಿದ್ದಿತ್ತು ಎಂದು. ಇದನ್ನು ತಿಳಿದು ಯಾರಿಗೆ ಏನಾಗಬೇಕು ಎಂದು ಅವರ ಹೆಂಡತಿ ಕೇಳಿದಾಗ, "ಯಾರಿಗೂ ಏನೂ ಆಗಬೇಕಾಗಿಲ್ಲ, ಅದಕ್ಕೇ ಯಾರೂ ಮಾಡ್ತಿಲ್ಲ" ಎಂದರಂತೆ.

ಅದನ್ನು ಹೇಳಬಲ್ಲ ಸಾಕ್ಷಿಯೊಂದು ಬಂಡೆಯ ಒಳಗೇ ಇದೆ. ರೂಟೈಲ್ ಎಂಬ ಖನಿಜ. ಟೈಟಾನಿಯಂ ಲೋಹದ ಅದಿರು. ನಮ್ಮ ಬಂಡೆಗಳಲ್ಲಿ ಎಳ್ಳಿನ ಕಾಳಿಗಿಂತ ಸಣ್ಣ ಹರಳುಗಳಾಗಿ ಸಿಗುತ್ತದೆ. ಹರಳಿನೊಳಗೆ ಲವಲೇಶ ಯುರೇನಿಯಂ ಇರುತ್ತದೆ. ಅದರ ಐಸೋಟೋಪು ತನ್ನ ನಿಗದಿಯಾದ ವೇಗದಲ್ಲಿ ಸೀಸದ ಐಸೋಟೋಪಾಗುತ್ತ ಹೋಗುತ್ತದೆ. ಬಂಡೆ ನಿಗಿನಿಗಿ ಕಾದಿರುವಷ್ಟು ಕಾಲ ಆ ಸೀಸ ಹರಳಿನಿಂದ ತಪ್ಪಿಸಿಕೊಳ್ಳುತ್ತದೆ. ಒಂದು ಹದಕ್ಕಿಂತ ತಣ್ಣಗಾದ ಮೇಲೆ ಒಳಗೇ ಸಿಕ್ಕಿಬೀಳುತ್ತದೆ. ಆದ್ದರಿಂದ ಕೂಡಿದ ಸೀಸವನ್ನು ಅಳೆದರೆ ತಿಳಿಯುವುದು ಬಂಡೆ ಹುಟ್ಟಿದ ಕಾಲವಲ್ಲ, ಆರಿದ ಕಾಲ. ಬಂಡೆ ಅತಿ ಹೆಚ್ಚು ಕಾದಿದ್ದ ಕಾಲವನ್ನು ಬೇರೊಂದು ಖನಿಜದಿಂದ ಬೇರೆಯವರು ಮೊದಲೇ ಅಳೆದಿದ್ದರು. ಎರಡರ ನಡುವಿನ ಅಂತರವೇ ಆರಲು ಹಿಡಿದ ಸಮಯ.

ಅಂತರಸಂತೆಯಿಂದ ಸ್ವಲ್ಪ ಒಳಗೆ ಶಿವಮಲ್ಲಪ್ಪ ಎಂಬ ಹೊಗೆಸೊಪ್ಪಿನ ಬೆಳೆಗಾರರ ಹೊಲದಲ್ಲಿ ಅವರಿಗೆ ಬೇಕಾದ ಬಂಡೆಯಿತ್ತು. ಎಮ್ಮೆ ಮಲಗಿದಂತೆ ಬಿದ್ದುಕೊಂಡ ಕರೀ ಬಂಡೆ, ಮೈತುಂಬ ಕೆಂಪು ಹರಳು. ನಾವು ಮೊದಲು ಹೋದ ದಿನ ಶಿವಮಲ್ಲಪ್ಪ ಸುತ್ತಿಗೆಯನ್ನೂ ನಮ್ಮನ್ನೂ ಬಹಳ ಹೊತ್ತು ನೋಡಿದರು.

"ಸಾ, ನಿಜ ಏಳ್ಬುಡಿ. ಚಿನ್ನ ಅದಾ?"

"ಇಲ್ಲ ಕಣಪ್ಪ. ಈ ಕಲ್ಲು ಹಿಂದೆ ಒಳಗಡೆ ಕಾದಿತ್ತು. ಯಾವಾಗ ಆರ್ತು ಅಂತ ನೋಡಬೇಕು."

"ಆರೋಗದಲ್ಲಾ ಸಾ, ಇನ್ನೇನ್ ನೋಡದು?"

"ಬೇಗ ಆರ್ತೋ, ನಿಧಾನಕ್ಕೆ ಆರ್ತೋ ಅಂತ."

ಶಿವಮಲ್ಲಪ್ಪನವರ ಮುಖ ಬದಲಾಯಿತು. ನಮ್ಮನ್ನು ಹೊಲದ ಮೂಲೆಯ ಬ್ಯಾರನ್ನಿಗೆ, ಅಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಗೂಡಿಗೆ, ಕರೆದೊಯ್ದರು. ಒಂದು ಎಲೆ ತೆಗೆದು ಮೇಷ್ಟ್ರ ಕೈಗಿಟ್ಟರು.

"ಬೆಂಕಿ ತಗುದ್ ತಕ್ಸಣ ಬಾಗ್ಲು ತಗುದ್ರೆ ಎಲೆ ಪುಡಿಪುಡಿ ಆಯ್ತದೆ ಸಾ. ಅಂಗೇ ಬುಟ್ಟು, ಮೆತ್ತಗಾಗಗಂಟ ಕಾಯ್ಬೇಕು. ಬ್ಯಾರೆಯೋರ ಎಲೆನೂ ಮುಟ್ಟಿ ನೋಡಿದ್ರೆ ಸಾಕು, ಅವ್ನು ಎಂಗ್ ಆರ್ಸವ್ನೆ ಅಂತ ನಾ ಏಳ್ಬುಡ್ತೀನಿ."

ಮೇಷ್ಟ್ರು ನನ್ನ ಕಡೆ ತಿರುಗಿ, "ನೋಡಮ್ಮ, ನಮ್ಮ ಹುಡುಗರಿಗೆ ಎರಡು ತಿಂಗಳು ಹೇಳಿದ್ರೂ ತಲೆಗೆ ಹೋಗಿರಲಿಲ್ಲ. ಇವರು ಪಾಠ ಕೇಳದೇನೇ ಪಾಸಾದ್ರು" ಎಂದರು. ಅವತ್ತು ಬಸ್ಸಿನಲ್ಲಿ ಎಲೆಯನ್ನು ಮೂಸುತ್ತಲೇ ಬಂದರು.

ಬಂಡೆಯಿಂದ ಹರಳು ಬಿಡಿಸುವ ಕೆಲಸದಲ್ಲಿ ವಿಜ್ಞಾನಕ್ಕಿಂತ ಅಡುಗೆಮನೆಯೇ ಹೆಚ್ಚು. ಕಬ್ಬಿಣದ ಒರಳಿನಲ್ಲಿ ಕುಟ್ಟಬೇಕು, ಜರಡಿ ಹಿಡಿಯಬೇಕು, ತಟ್ಟೆಯಲ್ಲಿ ನೀರು ಹಾಕಿ ಅಲ್ಲಾಡಿಸಿ ಹಗುರದ್ದನ್ನು ಚೆಲ್ಲಬೇಕು, ಉಳಿದ ಭಾರದ ಕಾಳನ್ನು ಸೂಕ್ಷ್ಮದರ್ಶಕದಡಿ ಸೂಜಿಯಿಂದ ಒಂದೊಂದಾಗಿ ಆರಿಸಬೇಕು. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹೋಗುವ ಮೊದಲು ಒರಳನ್ನೂ ಜರಡಿಯನ್ನೂ ತೊಳೆದು, ಬರೀ ಬೆಣಚುಕಲ್ಲು ಕುಟ್ಟಿ ಎಸೆದು, ಮತ್ತೆ ತೊಳೆಯಬೇಕು. ಇದನ್ನು ಅವರು ನನಗೆ ದಿನಕ್ಕೊಮ್ಮೆ ಹೇಳುತ್ತಿದ್ದರು. ದಿನಕ್ಕೊಮ್ಮೆ ಹೇಳಿದ ಮಾತು ಕಿವಿಗೆ ಬೀಳುವುದಿಲ್ಲ ಎಂಬುದು ಅವರಿಗೆ ತಿಳಿಯದ ಏಕೈಕ ವಿಜ್ಞಾನ.

ಒಂದು ಶುಕ್ರವಾರ ನಾನು ರಾವಂದೂರು ಕಡೆಯಿಂದ ತಂದ, ರೂಟೈಲ್ ತುಂಬಿದ ಕಲ್ಲು ಕುಟ್ಟಿದೆ. ಶನಿವಾರ ಶಿವಮಲ್ಲಪ್ಪನವರ ಹೊಲದ್ದು, ಅದರಲ್ಲಿ ರೂಟೈಲ್ ಬಲು ಅಪರೂಪ. ಅವತ್ತು ನನ್ನ ಚಿಕ್ಕಮ್ಮನ ಮಗಳ ನಿಶ್ಚಿತಾರ್ಥ. ಮೂರು ಗಂಟೆಯ ಬಸ್ಸು ತಪ್ಪಿದರೆ ಸೀರೆ ಬದಲಿಸಲೂ ಸಮಯವಿರುತ್ತಿರಲಿಲ್ಲ. ಒರಳನ್ನು ಹಳೇ ಬಟ್ಟೆಯಿಂದ ಒರೆಸಿದೆ. ಕಣ್ಣಿಗೆ ಚೆನ್ನಾಗಿಯೇ ಕಂಡಿತು. ಕಲ್ಲು ಹಾಕಿ ಕುಟ್ಟಿದೆ.

ಕಾಳುಗಳು ದೂರದ ನಗರವೊಂದರ ಪ್ರಯೋಗಾಲಯಕ್ಕೆ ಹೋದವು. ಕೆಲವು ತಿಂಗಳ ಮೇಲೆ ಫಲಿತಾಂಶ ಬಂತು. ಹೆಚ್ಚಿನ ಕಾಳುಗಳ ವಯಸ್ಸು ಬಂಡೆ ಕಾದಿದ್ದ ಕಾಲಕ್ಕೆ ಹತ್ತಿರ ಹತ್ತಿರ. ಅಂದರೆ ಕಾದದ್ದೇ ತಡ, ಬಂಡೆ ಆರಿಬಿಟ್ಟಿದೆ! ಯಾರೂ ನಿರೀಕ್ಷಿಸದ ಉತ್ತರ, ಹಾಗಾಗಿ ಎಲ್ಲರೂ ಓದುವಂಥ ಉತ್ತರ. ಒಂದಷ್ಟು ಕಾಳುಗಳು ಮಾತ್ರ ಕಡಿಮೆ ವಯಸ್ಸು ತೋರಿಸಿ ತಕರಾರು ಮಾಡುತ್ತಿದ್ದವು.

"ಅವುಗಳಿಂದ ಆಮೇಲೆ ಸೀಸ ಸೋರಿರಬೇಕು ಸಾರ್" ಎಂದೆ ನಾನು. ಯಾರಿಗೂ ಬೇಡವಾದ ಕಾಳುಗಳ ವಿಷಯದಲ್ಲಿ ಭೂವಿಜ್ಞಾನಿಗಳು ಸಾಮಾನ್ಯವಾಗಿ ಹೇಳುವ ಮಾತು ಅದು.

"ಸೋರಿದ್ರೆ ಒಂದೊಂದು ಒಂದೊಂದು ಥರ ಸೋರಬೇಕಲ್ಲಮ್ಮ? ಎಲ್ಲ ಮಾತಾಡಿಕೊಂಡು ಒಟ್ಟಿಗೆ ಸೋರಿದ ಹಾಗಿದೆ" ಎಂದರು. ಆದರೂ ಒಪ್ಪಿದರು. ಅವರು ಒಪ್ಪಿದ್ದಕ್ಕೆ ಕಾರಣ ನಾನು. ಕಾಯಂ ಹುದ್ದೆಯ ಸಂದರ್ಶನ ಹತ್ತಿರದಲ್ಲಿತ್ತು, ನನ್ನ ಹೆಸರಿನಲ್ಲಿ ಒಂದು ಪ್ರಬಂಧ ಬೇಕಿತ್ತು. ತಕರಾರಿನ ಕಾಳುಗಳನ್ನು ಅಡಿಟಿಪ್ಪಣಿಗೆ ದೂಡಿದೆವು. ಪ್ರಬಂಧ ಅಚ್ಚಾಯಿತು. ನಾನು ಕಾಯಂ ಆದೆ. ಅವರು ವಿಭಾಗಕ್ಕೆಲ್ಲ, ಅಂದರೆ ನನಗೆ ಮತ್ತು ತಮಗೆ, ಮೈಸೂರು ಪಾಕ್ ತರಿಸಿದರು. ಜೊತೆಗೆ, ಹಲವು ಸಂಸ್ಥೆಗಳು ಸೇರಿ ಮಾಡುವ ದೊಡ್ಡ ಸಂಶೋಧನೆಯೊಂದರ ಮುಂದಾಳಾಗಿ ಎಂದು ಅವರಿಗೆ ಕರೆಯೂ ಬಂತು.

ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಹಾರ ಹಾಕಿಸಿಕೊಂಡು ಸುಮ್ಮನಾಗುತ್ತಿದ್ದರು. ಇವರು ಒಂದು ಮಧ್ಯಾಹ್ನ, ಪ್ರಯೋಗಾಲಯಕ್ಕೆ ಕಳಿಸದೆ ಉಳಿಸಿಕೊಂಡಿದ್ದ ಕಾಳುಗಳನ್ನು ಮತ್ತೆ ತೆಗೆದು ನೋಡುತ್ತ ಕುಳಿತರು. ಅರ್ಧ ಗಂಟೆಯ ಮೇಲೆ ನನ್ನನ್ನು ಕರೆದರು.

"ಇದರಲ್ಲಿ ಎರಡು ಜಾತಿ ಇದೆ ಕಣಮ್ಮ. ಕೆಂಪಗಿರೋದು ಒಂದು, ಕಪ್ಪಗಿರೋದು ಒಂದು. ಅವತ್ತು ಒರಳು ತೊಳೆದಿದ್ದೆ ತಾನೆ?"

ನಾನು ಆ ಕ್ಷಣವೇ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ.

"ತೊಳೆದಿದ್ದೆ ಸಾರ್. ಮೂರು ಸಲ."

ಎಷ್ಟು ಸಲ ಎಂದು ಅವರು ಕೇಳಿರಲಿಲ್ಲ.

ಅವರು ನಂಬಿದರು. ನಂಬಿದ್ದರಿಂದಲೇ ಕಷ್ಟ ಶುರುವಾಯಿತು. ಒರಳು ಶುದ್ಧವಾಗಿದ್ದರೆ ಎರಡೂ ಜಾತಿಯ ಹರಳು ಆ ಬಂಡೆಯಲ್ಲೇ ಇರಬೇಕು. ಹಾಗಿದ್ದರೆ ಬಂಡೆ ಒಮ್ಮೆ ಆರಿ, ಎರಡನೇ ಸಲ ಕಾದಿರಬೇಕು! ಇಡೀ ಒಂದು ವರ್ಷ ಅವರು ಆ ಎರಡನೇ ಬೆಂಕಿಯನ್ನು ಹುಡುಕಿದರು. ಬಂಡೆಯ ಚೂರನ್ನು ಕಾಗದದಷ್ಟು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಡಿ ಕಪ್ಪು ಹರಳಿಗಾಗಿ ತಡಕಾಡಿದರು. ಎಲ್ಲೂ ಸಿಗಲಿಲ್ಲ. ಭಾನುವಾರಗಳು ಹೋದವು. ಅವರ ಕಣ್ಣಿನ ನಂಬರು ಹೆಚ್ಚಾಯಿತು. ಪಕ್ಕದ ಮೇಜಿನಲ್ಲಿ ನಾನು ಕಾಯಂ ಉಪನ್ಯಾಸಕಿಯ ಗಾಂಭೀರ್ಯದಿಂದ ಉತ್ತರಪತ್ರಿಕೆ ತಿದ್ದುತ್ತಿದ್ದೆ.

ಕೊನೆಗೆ ಹೊಸದಾಗಿ ಕಲ್ಲು ತರೋಣವೆಂದು ಮತ್ತೆ ಅಂತರಸಂತೆಗೆ ಹೋದೆವು. ಹೊಲದಲ್ಲಿ ಬಂಡೆ ಇರಲಿಲ್ಲ. ಬಂಡೆಯಿದ್ದ ಜಾಗದಲ್ಲಿ ಹೊಗೆಸೊಪ್ಪಿನ ಸಸಿಗಳು ಸಾಲಾಗಿ ನಿಂತಿದ್ದವು. ಮೂಲೆಯಲ್ಲಿ ಹೊಸದೊಂದು ಬ್ಯಾರನ್ ಎದ್ದಿತ್ತು.

"ಒಡ್ಸಾಕ್ಬುಟ್ಟೆ ಸಾ. ಜೇಸಿಬಿ ಬಂದಿತ್ತು ಪಕ್ಕದೋರ್ ಹೊಲಕ್ಕೆ. ಬ್ಯಾರನ್ ಪಾಯಕ್ಕೆ ಆಯ್ತು ಅಂತ... ಯಾಕ್ ಸಾ, ಬೇಕಾಗಿತ್ತಾ?" ಶಿವಮಲ್ಲಪ್ಪನವರ ದನಿ ಸಣ್ಣಗಾಯಿತು. "ನೀವು ಒಂದ್ ಮಾತು ಏಳಿದ್ರೆ ಅಂಗೇ ಬುಡ್ತಿದ್ದೆ."

ಮೇಷ್ಟ್ರು ಸಸಿಗಳ ನಡುವೆ ನಿಂತೇ ಇದ್ದರು. ಬಂಡೆ ನೆಲದಲ್ಲಿ ಹೇಗೆ ಕುಳಿತಿತ್ತು, ಯಾವ ದಿಕ್ಕಿಗೆ ಬಾಗಿತ್ತು, ಪಕ್ಕದ ಕಲ್ಲನ್ನು ಎಲ್ಲಿ ಮುಟ್ಟುತ್ತಿತ್ತು, ಇವೆಲ್ಲ ಅದರ ಜೊತೆಗೇ ಹೋಗಿದ್ದವು. ಸ್ವಲ್ಪ ಹೊತ್ತಾದ ಮೇಲೆ ಬ್ಯಾರನ್ನಿನ ಬುಡಕ್ಕೆ ಹೋಗಿ, ಮೊಣಕಾಲೂರಿ, ಪಾಯದ ಕಲ್ಲುಗಳನ್ನು ಭೂತಗನ್ನಡಿಯಿಂದ ಒಂದೊಂದಾಗಿ ನೋಡತೊಡಗಿದರು. ಅರ್ಧ ಕಲ್ಲು ಕ್ವಾರಿಯಿಂದ ಟ್ರ್ಯಾಕ್ಟರಿನಲ್ಲಿ ಬಂದದ್ದು, ಅರ್ಧ ಹೊಲದ್ದು. ಒಂದು ಗಂಟೆಯಾದ ಮೇಲೆ ಮೂಲೆಯ ಕಲ್ಲೊಂದನ್ನು ತಟ್ಟಿ, "ಇದು" ಎಂದರು. ಸುತ್ತಿಗೆ ಎತ್ತಿದರು.

"ಅಯ್ಯೋ ಸಾ, ಮೂಲೆ ಕಲ್ಲು! ಬ್ಯಾರನ್ ಬಿದ್ದೋದದು!"

"ಮುಷ್ಟಿಯಷ್ಟು ಸಾಕಪ್ಪ. ನಾನೇ ಸಿಮೆಂಟ್ ಮೆತ್ತಿಕೊಡ್ತೀನಿ."

ಮುಷ್ಟಿಯಷ್ಟು ತೆಗೆದರು. ಮುಂದಿನ ವಾರ ನಿಜವಾಗಿಯೂ ಒಂದು ಪೊಟ್ಟಣದಲ್ಲಿ ಸಿಮೆಂಟ್ ಹಿಡಿದು ಮಿರ್ಲೆಯಿಂದ ಎರಡು ಬಸ್ಸು ಬದಲಿಸಿ ಹೋಗಿ ಮೆತ್ತಿಬಂದರು. ಆ ಕಲ್ಲನ್ನು ಕುಟ್ಟಲು ನನಗೆ ಕೊಡಲಿಲ್ಲ. ಮಿರ್ಲೆಯ ಮನೆಯ ಹಿತ್ತಲಿನಲ್ಲಿ, ಹೊಸ ಒರಳಿನಲ್ಲಿ ತಾವೇ ಕುಟ್ಟಿದರು. ಪುಡಿಯನ್ನು ಮೊರದಲ್ಲಿ ಕೇರಿಕೊಟ್ಟವರು ಅವರ ಹೆಂಡತಿ. ಅವರೇ ಒಮ್ಮೆ ನನಗೆ ಹೇಳಿದ್ದರು: "ಈ ಮನೇಲಿ ಅಕ್ಕಿಗಿಂತ ಕಲ್ ಪುಡಿನೇ ಜಾಸ್ತಿ ಕೇರಿವ್ನಿ ಕಣವ್ವ."

ಬಂದ ಹರಳುಗಳೆಲ್ಲ ಕೆಂಪು. ಒಂದೂ ಕಪ್ಪಿಲ್ಲ. ಪ್ರಯೋಗಾಲಯದ ಉತ್ತರವೂ ಒಂದೇ: ಎಲ್ಲವೂ ಕಡಿಮೆ ವಯಸ್ಸಿನವು. ನಾವು ಅಡಿಟಿಪ್ಪಣಿಗೆ ದೂಡಿದ್ದವೇ ಸತ್ಯ ಹೇಳುತ್ತಿದ್ದವು. ಬಂಡೆ ಆರಿದ್ದು ಬಹಳ ಬಹಳ ನಿಧಾನವಾಗಿ. ಎರಡನೇ ಬೆಂಕಿ ಎಂಬುದು ಇರಲೇ ಇಲ್ಲ. ಕಪ್ಪು ಹರಳುಗಳು ನಾನು ತೊಳೆಯದ ಒರಳಿನಲ್ಲಿ ಉಳಿದಿದ್ದ ರಾವಂದೂರಿನ ಕಲ್ಲಿನವು.

ಆ ಚಳಿಗಾಲದಲ್ಲಿ ಮೈಸೂರಿನಲ್ಲೊಂದು ವಿಚಾರ ಸಂಕಿರಣ. ನಮ್ಮ ಪ್ರಬಂಧದ ಬಗ್ಗೆ ಮಾತಾಡಲು ಅವರನ್ನು ಕರೆದಿದ್ದರು. ಅಧ್ಯಕ್ಷತೆ ವಹಿಸಿದ್ದ ಹಿರಿಯ ಪ್ರಾಧ್ಯಾಪಕರು, ಗ್ರಾಮಾಂತರ ಕಾಲೇಜಿನಲ್ಲಿ ಕುಳಿತು ಮಾಡಿದ ಅಪೂರ್ವ ಕೆಲಸ ಎಂದು ಹೊಗಳಿ ಮೈಕು ಕೊಟ್ಟರು. ಮೇಷ್ಟ್ರು ಕೆಮ್ಮಿ, ಮೊದಲ ವಾಕ್ಯದಲ್ಲೇ, "ಆ ಕೆಲಸ ತಪ್ಪು" ಎಂದರು. ಸಭೆ ನಕ್ಕಿತು, ವಿನಯ ಇರಬೇಕೆಂದು. ಅವರು ಹೊಸ ಅಂಕಿಗಳನ್ನು ತೋರಿಸುತ್ತ ಹೋದಂತೆ ನಗು ನಿಂತಿತು.

ಯಾರೋ ಒಬ್ಬರು ಎದ್ದು ಕೇಳಿದರು: "ಬೇರೆ ಬಂಡೆಯ ಕಾಳು ಸೇರಿದ್ದು ಹೇಗೆ?"

ಮೂರನೇ ಸಾಲಿನಲ್ಲಿ ಕುಳಿತಿದ್ದ ನಾನು ಕಾರ್ಯಕ್ರಮದ ಹಾಳೆಯ ಮೇಲೆ ಬಗ್ಗಿದೆ. ಅವರು ನನ್ನ ಕಡೆ ನೋಡಲಿಲ್ಲ.

"ಒರಳು ತೊಳೆದಿರಲಿಲ್ಲ" ಎಂದರು. "ಒರಳು ನಂದು."

ಅಷ್ಟೇ. ಹೊರಗೆ ಊಟದ ಸಾಲಿನಲ್ಲಿ ಅವರ ಹಿಂದೆ ಮುಂದೆ ಎರಡಾಳಿನ ಜಾಗ ಖಾಲಿ ಇತ್ತು. ದೊಡ್ಡ ಸಂಶೋಧನೆಯ ಮುಂದಾಳತ್ವ ಸದ್ದಿಲ್ಲದೆ ಬೇರೆಯವರ ಪಾಲಾಯಿತು. ಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸಿದರು. ಅದರಲ್ಲೂ ನನ್ನ ಹೆಸರಿಗೆ ಕಲೆ ತಾಗಿಸಲಿಲ್ಲ. ವಾಪಸು ಬಸ್ಸಿನಲ್ಲಿ ನನಗೂ ಒಂದು ಪೊಟ್ಟಣ ಕಡಲೇಕಾಯಿ ಕೊಡಿಸಿದರು. ನಾನು ತಿಂದೆ. ನನ್ನ ನಾಚಿಕೆ ಎಂಥದ್ದೆಂದರೆ ಅದು ಹಸಿವಿಗೆ ಅಡ್ಡ ಬರಲಿಲ್ಲ.

ಅವರು ನಿವೃತ್ತರಾಗಿ ಎರಡು ವರ್ಷವಾದ ಮೇಲೆ ಒಂದು ಭಾನುವಾರ ಮಿರ್ಲೆಗೆ ಹೋದೆ. ಗದ್ದೆಯ ಬದುವಿನ ಮೇಲೆ ಕುಳಿತಿದ್ದರು. ನಿಂತುಕೊಂಡೇ ಹೇಳಿದೆ. ನಿಶ್ಚಿತಾರ್ಥ, ಮೂರು ಗಂಟೆಯ ಬಸ್ಸು, ಹಳೇ ಬಟ್ಟೆ, ಮೂರು ಸಲ ಎಂದ ಸುಳ್ಳು, ಎಲ್ಲ. ನಿಜ ಹೇಳಬೇಕೆಂದರೆ, "ಇರಲಿ ಬಿಡಮ್ಮ, ನನಗೆ ಮೊದಲೇ ಗೊತ್ತಿತ್ತು" ಎನ್ನುತ್ತಾರೆ ಎಂದುಕೊಂಡೇ ಹೋಗಿದ್ದೆ. ದೊಡ್ಡ ಮನುಷ್ಯರು ಹಾಗೆ ಹೇಳುತ್ತಾರೆಂದು ಕೇಳಿದ್ದೆ.

"ತೊಳೀಲಿಲ್ಲ ಅಂತ ಆಮೇಲೆ ನನಗೂ ಗೊತ್ತಾಯ್ತು. ಅರ್ಜೆಂಟಲ್ಲಿ ಸರಿಯಾಗಿ ತೊಳೆದಿರಲ್ಲ ಅಂದ್ಕೊಂಡೆ" ಎಂದರು. "ಗೊತ್ತಿದ್ದೂ ಸುಳ್ಳು ಹೇಳಿದ್ರಿ ಅಂತ ಗೊತ್ತಿರಲಿಲ್ಲ."

ನೀವು.

"ನಾನು ಕೇಳಿದ ದಿನ ನೀವು ನಿಜ ಹೇಳಿದ್ರೆ ನಾನು ಮಾರನೇ ದಿನವೇ ಕಲ್ಲು ತರೋಕೆ ಹೋಗ್ತಿದ್ದೆ. ಬಂಡೆ ಹೊಲದಲ್ಲೇ ಇರ್ತಿತ್ತು. ಇಲ್ಲದ ಬೆಂಕಿ ಹುಡುಕಿಸಿದ್ರಲ್ಲ ನನ್ನ ಕೈಲಿ, ಒಂದು ವರ್ಷ! ನನ್ನ ಹೆಸರು ಹೋಗ್ಲಿ, ಬಂಡೆ ಏನು ಮಾಡಿತ್ತು ನಿಮಗೆ? ಹೋಗಿ, ಬಸ್ಸಿಗೆ ಹೊತ್ತಾಯ್ತು."

ಬಸ್ಸಿಗೆ ಹೊತ್ತಾಗಿರಲಿಲ್ಲ. ಅವರ ಹೆಂಡತಿ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾನು ಕುಡಿಯದೆ ಹೊರಟೆ.

ಮೂರು ತಿಂಗಳು ಮಾತಿಲ್ಲ. ಆಮೇಲೆ ಒಂದು ಬೆಳಗ್ಗೆ ಫೋನು ಬಂತು. ಹೇಗಿದ್ದೀಯ ಎಂದಿಲ್ಲ, ಏನಿಲ್ಲ. "ರಾವಂದೂರು ಹತ್ರ ರಸ್ತೆ ಅಗಲ ಮಾಡ್ತಾವ್ರಂತೆ. ಗುಡ್ಡ ಕಡಿದಿದ್ದಾರೆ. ಹೊಸ ಕಲ್ಲು ಕಾಣ್ತದೆ, ಮಳೆ ಬೀಳೋದರೊಳಗೆ ನೋಡಬೇಕು. ಬತ್ತೀಯೇನಮ್ಮ?"

ಹೋದೆ. ಕಡಿದ ಗುಡ್ಡದ ಮುಂದೆ, ಸುತ್ತಿಗೆಯನ್ನು ನನ್ನ ಕೈಗೆ ಕೊಡುತ್ತ, ಆ ವಿಷಯವನ್ನು ಒಂದೇ ಸಲ ಎತ್ತಿದರು.

"ನನಗೆ ಹೇಳಿ ಹಗುರಾದೆ, ಸರಿ. ನಿನ್ನ ವಿದ್ಯಾರ್ಥಿಗಳಿಗೆ ಹೇಳಿದ್ದೀಯಾ?"

"ಅವರಿಗ್ಯಾಕೆ ಸಾರ್?"

"ಒರಳು ಈಗ ಅವರ ಕೈಲಿ ಅದೆಯಲ್ಲ."

ಆ ವರ್ಷದಿಂದ ಪ್ರತಿ ಬ್ಯಾಚಿನ ಮೊದಲ ಪ್ರಾಕ್ಟಿಕಲ್ ತರಗತಿಯಲ್ಲಿ ನಾನು ಈ ಕಥೆ ಹೇಳುತ್ತೇನೆ. ಹೆಸರು ಬದಲಿಸದೆ, ಮೂರು ಸಲ ಎಂದದ್ದನ್ನೂ ಬಿಡದೆ. ಮಕ್ಕಳು ನಗುತ್ತಾರೆ. ಒಬ್ಬ, "ಕೆಲಸ ಹೋಗ್ಲಿಲ್ವಾ ಮೇಡಂ?" ಎಂದು ಬಹಳ ಆಸೆಯಿಂದ ಕೇಳಿದ.

ಈ ವರ್ಷ ಬ್ಯಾಚಿನವರೆಲ್ಲ ಸೇರಿ ಮೂರು ವಾರ ಕಲ್ಲು ಕುಟ್ಟಿ, ಕಾಳು ಆರಿಸಿ, ಶೀಶೆಗೆ ತುಂಬಿ, ಹೆಸರು ಅಂಟಿಸಿದ್ದರು. ಪ್ರಯೋಗಾಲಯಕ್ಕೆ ಕಳಿಸಲು ಪೆಟ್ಟಿಗೆ ಕಟ್ಟುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಕೋಟೆ ಕಡೆಯವಳು, ತರಗತಿಯಲ್ಲಿ ಬಾಯಿ ತೆರೆದವಳಲ್ಲ.

"ಮೇಡಂ, ನೆನ್ನೆ ಕೊನೇ ಕಲ್ಲಿಗೆ ನಾನು ಜರಡಿ ತೊಳೀಲಿಲ್ಲ. ಆಮೇಲೆ ಎಲ್ಲಾ ಶೀಶೆ ಕಾಳನ್ನೂ ಅದರಲ್ಲೇ ಇನ್ನೊಂದ್ ಸಲ ಜಾಲಿಸಿಬಿಟ್ಟೆ."

ಹದಿನಾಲ್ಕು ತಲೆಗಳು ಅವಳ ಕಡೆ ತಿರುಗಿದವು. ಮೂರು ವಾರದ ಕೆಲಸ. ಅವಳ ಕಣ್ಣು ತುಂಬಿತ್ತು, ಆದರೆ ಕುಳಿತುಕೊಳ್ಳಲಿಲ್ಲ. ಎಲ್ಲವನ್ನೂ ಚೆಲ್ಲಿಸಿದೆ. ಮೊದಲಿಂದ ಶುರು ಮಾಡಿದೆವು. ಅವಳ ಪಕ್ಕ ಕುಳಿತು ಜರಡಿ ನಾನೇ ತೊಳೆದೆ.

ಸಂಜೆ ಮಿರ್ಲೆಗೆ ಫೋನು ಮಾಡಿ ಹೇಳಿದೆ. ಆಗಲೇ ಅವರಿಗೆ ಉಸಿರಾಟದ ತೊಂದರೆ. ಮಾತು ತಡೆತಡೆದು ಬರುತ್ತಿತ್ತು.

"ಎಷ್ಟು ದಿನಕ್ಕೆ ಹೇಳಿದಳು?" ಎಂದು ಕೇಳಿದರು.

"ಮಾರನೇ ದಿನವೇ ಸಾರ್."

"ಯಾರೂ ಕೇಳದೇನೇ?"

"ಯಾರೂ ಕೇಳದೇನೇ."

ಅವರು, "ಹಂಗಾದ್ರೆ ನಿನಗಿಂತ ವಾಸಿ ಬುಡು" ಎಂದು ಫೋನಿಟ್ಟರು. ನಾನು ಅವರ ಬಾಯಿಂದ ಕೇಳಿದ ಕೊನೆಯ ಮಾತು ಅದು.